ಭರ್ತಿಗೆ ಮುನ್ನ ಮೆಡಿಕಲ್: ಸೇನೆ ಸೇರಲು ಹೊರಟವರಿಗೆ ಹಂತ ಹಂತದ ಕೈಪಿಡಿ

ನಸುಕಿನ ಐದು ಗಂಟೆಗೆಲ್ಲ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣ, ಹುಬ್ಬಳ್ಳಿಯ ನೆಹರೂ ಮೈದಾನ, ಉಣಕಲ್ ಕೆರೆಯ ದಂಡೆಗಳಲ್ಲಿ ಹುಡುಗರು ಓಡುತ್ತಿರುತ್ತಾರೆ. ಕುಂದಗೋಳ, ನವಲಗುಂದ, ಕಲಘಟಗಿಯ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡು, ಹಗಲು ಓದಿ, ಬೆಳಿಗ್ಗೆ ಸಂಜೆ ಬೆವರು ಹರಿಸುವವರು ಇವರಲ್ಲಿ ಬಹಳ. ಇಂಥವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದಿದೆ: "ಪರೀಕ್ಷೆ ಪಾಸಾದ್ನಿ, ಓಟಾನೂ ಪಾಸಾದ್ನಿ, ಮೆಡಿಕಲ್‌ನ್ಯಾಗ ತಗದ್ರು."

ಈ ನೋವಿನಲ್ಲಿ ಅರ್ಧದಷ್ಟನ್ನಾದರೂ ತಪ್ಪಿಸಬಹುದು. ಸೇನೆಯ ಭರ್ತಿಯಲ್ಲಿ ವೈದ್ಯಕೀಯ ಪರೀಕ್ಷೆ ಬರುವುದು ಕೊನೆಗೆ, ನೀವು ಅದನ್ನು ನಿಮ್ಮ ತಯಾರಿಯ ಮೊದಲಿಗೆ ತಂದುಕೊಳ್ಳಬೇಕು. ಅರ್ಜಿ ತುಂಬುವ ಒಂದು ವರ್ಷ ಮೊದಲೇ ನಿಮ್ಮ ದೇಹದ ಸ್ಥಿತಿ ನಿಮಗೆ ಗೊತ್ತಿದ್ದರೆ, ಸರಿಪಡಿಸಬಹುದಾದ್ದನ್ನು ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಸರಿಪಡಿಸಲಾಗದ್ದು ಇದ್ದರೆ ಬೇರೆ ದಾರಿ ಹಿಡಿಯಲು ವಯಸ್ಸು ಉಳಿದಿರುತ್ತದೆ.

ಇಷ್ಟು ಬಿಗಿ ಪರೀಕ್ಷೆ ಏಕೆ ಎಂದು ಕೇಳುವವರು ನಮ್ಮ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಬೇಕು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಈ ಯೋಧ ಕಾವಲಿದ್ದದ್ದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ. 2016ರ ಫೆಬ್ರುವರಿ 3ರಂದು ಹಿಮಪಾತಕ್ಕೆ ಸಿಕ್ಕು, ಆರು ದಿನಗಳ ಬಳಿಕ ಜೀವಂತವಾಗಿ ಹೊರಬಂದು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ವೀರಮರಣ ಹೊಂದಿದರು. ಸೈನಿಕನನ್ನು ನಾಳೆ ಯಾವ ಎತ್ತರಕ್ಕೆ, ಯಾವ ಮರುಭೂಮಿಗೆ ಕಳಿಸುತ್ತಾರೋ ಗೊತ್ತಿಲ್ಲ. ಆಸ್ಪತ್ರೆ ಹತ್ತಿರವಿಲ್ಲದ ಜಾಗದಲ್ಲಿ ಸಣ್ಣ ಕಾಯಿಲೆಯೂ ಅವನಿಗೆ, ಜೊತೆಗಿದ್ದವರಿಗೆ ಕುತ್ತಾಗಬಹುದು. ಪರೀಕ್ಷೆ ಬಿಗಿಯಾಗಿರುವುದು ಇದಕ್ಕೇ.

ಹಂತ 1: ದಾರಿ ತಿಳಿದುಕೊಳ್ಳಿ

ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್ 14ರಂದು. ಸೇವೆ ನಾಲ್ಕು ವರ್ಷ, ಆಮೇಲೆ ಪ್ರತಿ ತಂಡದ ಶೇ. 25ರವರೆಗಿನ ಅಗ್ನಿವೀರರಿಗೆ ಮುಂದುವರಿಯುವ ಅವಕಾಶ. ಮೊದಲು ರ‍್ಯಾಲಿ, ಆಮೇಲೆ ಲಿಖಿತ ಪರೀಕ್ಷೆ ಎಂಬ ಹಳೆಯ ಕ್ರಮ 2023ರಿಂದ ಬದಲಾಗಿದೆ. ಈಗ ಮೊದಲು ಕಂಪ್ಯೂಟರಿನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ರ‍್ಯಾಲಿ. ರ‍್ಯಾಲಿಯಲ್ಲಿ ಓಟ, ಬೀಮ್, ಅಳತೆ, ದಾಖಲೆ ಪರಿಶೀಲನೆ, ಕೊನೆಗೆ ಮೆಡಿಕಲ್.

ಧಾರವಾಡ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ. ಬೆಳಗಾವಿ ಹತ್ತಿರವಿದೆಯೆಂದು ಅಲ್ಲಿಯ ಪ್ರಕಟಣೆ ನೋಡುತ್ತಾ ಕೂರಬೇಡಿ. ವಯಸ್ಸು, ವಿದ್ಯಾರ್ಹತೆ, ಅಳತೆ ಎಲ್ಲವೂ ಆಯಾ ವರ್ಷದ ಅಧಿಸೂಚನೆಯಲ್ಲಿ ಇರುತ್ತವೆ. ಸೇನೆಯ 'ಜಾಯಿನ್ ಇಂಡಿಯನ್ ಆರ್ಮಿ' ಜಾಲತಾಣದಿಂದ ಅದನ್ನು ಇಳಿಸಿಕೊಂಡು, ಮುದ್ರಿಸಿಕೊಂಡು, ವೈದ್ಯಕೀಯ ಭಾಗವನ್ನು ಪೆನ್ಸಿಲ್ ಹಿಡಿದು ಓದಿ.

ಹಂತ 2: ಮನೆಯಲ್ಲೇ ಅಳತೆ ನೋಡಿಕೊಳ್ಳಿ

ಒಂದು ಟೇಪು, ಒಂದು ಗೋಡೆ, ಜೊತೆಗೊಬ್ಬ ಗೆಳೆಯ ಇದ್ದರೆ ಸಾಕು.

ಎತ್ತರ: ಕರ್ನಾಟಕದ ಅಭ್ಯರ್ಥಿಗೆ ಜನರಲ್ ಡ್ಯೂಟಿ ಹುದ್ದೆಗೆ 166 ಸೆಂ.ಮೀ., ಕ್ಲರ್ಕ್ ಹುದ್ದೆಗೆ 162 ಸೆಂ.ಮೀ. ಬೇಕು. ಮಹಿಳಾ ಮಿಲಿಟರಿ ಪೊಲೀಸ್ ಹುದ್ದೆಗೂ 162 ಸೆಂ.ಮೀ. ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು ಅಳೆಯಿರಿ.

ಎದೆ: ಉಸಿರು ಬಿಟ್ಟಾಗ 77 ಸೆಂ.ಮೀ., ತುಂಬಿಕೊಂಡಾಗ ಕನಿಷ್ಠ 5 ಸೆಂ.ಮೀ. ಹೆಚ್ಚಬೇಕು. ಹಿಗ್ಗುವಿಕೆ ಸಾಲದವರು ಓಟ, ಈಜು, ದೀರ್ಘ ಉಸಿರಾಟದ ಅಭ್ಯಾಸ ಮಾಡಿದರೆ ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಮೊಣಕಾಲು: ಎರಡೂ ಮೊಣಕಾಲು ತಾಗಿಸಿ ನೆಟ್ಟಗೆ ನಿಲ್ಲಿ. ಒಳಗಣಕಾಲುಗಳ ನಡುವಿನ ಅಂತರ ಅಳೆಯಿರಿ. ಪುರುಷರಲ್ಲಿ ಅದು 5 ಸೆಂ.ಮೀ. ಮೀರಿದರೆ 'ನಾಕ್ ನೀ' ಎಂದು ತೆಗೆಯುತ್ತಾರೆ. ಇನ್ನು ಕಣಕಾಲು ಕೂಡಿಸಿ ನಿಂತಾಗ ಮೊಣಕಾಲುಗಳ ನಡುವೆ 7 ಸೆಂ.ಮೀ.ಗಿಂತ ಹೆಚ್ಚು ಸಂದಿ ಇದ್ದರೆ ಬಿಲ್ಲುಗಾಲು. ಮೊಣಕಾಲ ನಡುವೆ ದಿಂಬು ಕಟ್ಟಿಕೊಂಡು ಮಲಗುವ ಹುಡುಗರಿದ್ದಾರೆ. ಬೆಳವಣಿಗೆ ಮುಗಿದ ಮೇಲೆ ಎಲುಬಿನ ಬಾಗು ಹೀಗೆ ನೆಟ್ಟಗಾಗುವುದಿಲ್ಲ. ಅಂತರ ಗೆರೆಯ ಹತ್ತಿರವಿದ್ದರೆ ಎಲುಬು ತಜ್ಞರಿಗೆ ತೋರಿಸಿ.

ಪಾದ: ಕಾಲು ಒದ್ದೆ ಮಾಡಿಕೊಂಡು ಒಣಗಿದ ಫರಸಿ ಮೇಲೆ ಊರಿ, ಎತ್ತಿ. ಹಿಮ್ಮಡಿ ಮತ್ತು ಮುಂಗಾಲಿನ ಗುರುತಿನ ನಡುವೆ ಒಳಬದಿಯಲ್ಲಿ ಖಾಲಿ ಜಾಗ ಕಾಣಬೇಕು. ಇಡೀ ಪಾದ ಅಚ್ಚೊತ್ತಿದಂತೆ ಮೂಡಿದರೆ ಚಪ್ಪಟೆ ಪಾದವಿರಬಹುದು. ಗಾಬರಿಯಾಗಬೇಡಿ, ಈಗ ತುದಿಗಾಲಲ್ಲಿ ನಿಲ್ಲಿ. ಆಗ ಪಾದದ ಕಮಾನು ಎದ್ದು ಕಂಡರೆ, ತುದಿಗಾಲಲ್ಲೇ ಸಲೀಸಾಗಿ ಓಡಲು ಬಂದರೆ, ನೋವಿಲ್ಲದಿದ್ದರೆ ಅಂಥ ಪಾದವನ್ನು ಸೇನೆ ಒಪ್ಪುತ್ತದೆ. ತುದಿಗಾಲಲ್ಲಿ ನಿಂತರೂ ಕಮಾನು ಏಳದ ಬಿಗಿ ಪಾದವನ್ನು ಒಪ್ಪುವುದಿಲ್ಲ.

ಕೈ: ತೋಳು ಚಾಚಿ ಅಂಗೈ ಮುಂದೆ ಮಾಡಿ. ಮುಂಗೈ ಹೊರಗೆ ವಾಲುವ ಕೋನ ಪುರುಷರಲ್ಲಿ 15 ಡಿಗ್ರಿಯೊಳಗೆ, ಮಹಿಳೆಯರಲ್ಲಿ 18 ಡಿಗ್ರಿಯೊಳಗೆ ಇರಬೇಕು. ಆರನೇ ಬೆರಳಿದ್ದವರು ಶಸ್ತ್ರಚಿಕಿತ್ಸೆಯಿಂದ ತೆಗೆಸಬಹುದು. 12 ವಾರ ಕಳೆದು, ಗಾಯ ಮಾಗಿ, ಎಲುಬಿನಲ್ಲಿ ದೋಷವಿಲ್ಲದಿದ್ದರೆ ಫಿಟ್ ಎನಿಸಿಕೊಳ್ಳುವ ಅವಕಾಶವಿದೆ.

ಹಂತ 3: ಕಣ್ಣು ತೋರಿಸಿ

ಜನರಲ್ ಡ್ಯೂಟಿಗೆ ಕನ್ನಡಕವಿಲ್ಲದೆ ಪ್ರತಿ ಕಣ್ಣಿಗೂ 6/6 ದೃಷ್ಟಿ ಬೇಕು. ಅಂದರೆ ಆರೋಗ್ಯವಂತ ಕಣ್ಣು ಆರು ಮೀಟರ್ ದೂರದಿಂದ ಓದುವ ಸಾಲನ್ನು ನಿಮ್ಮ ಬಲಗಣ್ಣು, ಎಡಗಣ್ಣು ಎರಡೂ ಬೇರೆ ಬೇರೆಯಾಗಿ ಓದಬೇಕು. ಎರಡೂ ತೆರೆದು ನೋಡುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವುದರಿಂದ ಎಷ್ಟೋ ಜನರಿಗೆ ತಮ್ಮ ಒಂದು ಕಣ್ಣು ಮಂದವಾಗಿರುವುದೇ ಗೊತ್ತಿರುವುದಿಲ್ಲ. ರಾತ್ರಿಯೆಲ್ಲ ಮೊಬೈಲ್ ಹಿಡಿದು ಓದುವವರು ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸಬೇಕು.

ಎರಡನೆಯದು ಬಣ್ಣದ ದೃಷ್ಟಿ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಗುರುತಿಸುವ ಇಶಿಹಾರಾ ಪುಸ್ತಕದಿಂದ ಇದನ್ನು ನೋಡುತ್ತಾರೆ. ಹುಟ್ಟಿನಿಂದ ಬಂದ ಬಣ್ಣಗುರುಡು ಗಂಡಸರಲ್ಲೇ ಹೆಚ್ಚು, ಔಷಧದಿಂದ ಹೋಗುವುದಿಲ್ಲ. ಪುಟಗಳ ಅಂಕಿ ಬಾಯಿಪಾಠ ಮಾಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಮೆಳ್ಳಗಣ್ಣು, ಇರುಳುಗಣ್ಣು ಇದ್ದರೂ ಅನರ್ಹತೆಯೇ.

ಹುಬ್ಬಳ್ಳಿಯಲ್ಲಿ ಕಣ್ಣಿನ ಪರೀಕ್ಷೆಗೆ ಕೊರತೆಯಿಲ್ಲ. ವಿದ್ಯಾನಗರದ ಕಿಮ್ಸ್, ಅಂದರೆ ಈಗಿನ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯಲ್ಲಿ ನೇತ್ರ ವಿಭಾಗವಿದೆ, ಎಂ.ಎಂ. ಜೋಶಿ ನೇತ್ರ ಸಂಸ್ಥೆಯಿದೆ. ಹೋದಾಗ "ಮಿಲಿಟರಿ ಭರ್ತಿಗೆ ಹೊಂಟೀನ್ರಿ, ಎರಡೂ ಕಣ್ಣು ಬ್ಯಾರೆ ಬ್ಯಾರೆ ನೋಡ್ರಿ, ಬಣ್ಣದ ಪರೀಕ್ಷೇನೂ ಮಾಡ್ರಿ" ಎಂದು ಬಾಯಿಬಿಟ್ಟು ಹೇಳಿ.

ಲೇಸರ್ ಚಿಕಿತ್ಸೆ ಮಾಡಿಸಿಕೊಂಡರೆ ಆಯಿತು ಎಂಬ ಆತುರ ಬೇಡ. ಅಧಿಕಾರಿ ಹುದ್ದೆಗಳ ನಿಯಮದಲ್ಲಿ 20 ವರ್ಷ ದಾಟಿದ ಮೇಲೆ ಮಾಡಿಸಿರಬೇಕು, ಆಮೇಲೆ ಕನಿಷ್ಠ 12 ತಿಂಗಳು ಕಳೆದಿರಬೇಕು ಎಂಬ ಷರತ್ತುಗಳಿವೆ. ವಾಯುಪಡೆಯ ಅಗ್ನಿವೀರವಾಯು ಭರ್ತಿಯಲ್ಲಿ ಇಂಥ ಚಿಕಿತ್ಸೆಯನ್ನೇ ಒಪ್ಪುವುದಿಲ್ಲ. ಆದರೆ ಅಲ್ಲಿ ಕನ್ನಡಕದಿಂದ 6/6ಕ್ಕೆ ಬರುವಂತಿದ್ದರೆ 6/12 ದೃಷ್ಟಿಗೂ ಅವಕಾಶವಿದೆ. ಸಣ್ಣ ನಂಬರಿನ ಕನ್ನಡಕವಿರುವವರು ಈ ದಾರಿಯನ್ನೂ ಪರಿಶೀಲಿಸಿ.

ಹಂತ 4: ಕಿವಿ, ಮೂಗು

ಚಿಕ್ಕಂದಿನಲ್ಲಿ ಕಿವಿ ಸೋರಿದ್ದು, ಕೆರೆ ಬಾವಿಯಲ್ಲಿ ಈಜಿದ ಮೇಲೆ ಕಿವಿ ನೋವು ಬಂದದ್ದು ನೆನಪಿದ್ದರೆ ಕಿವಿತಮಟೆಯಲ್ಲಿ ತೂತು ಇರಬಹುದು. ಶಸ್ತ್ರಚಿಕಿತ್ಸೆಯಿಂದ ಅದನ್ನು ಮುಚ್ಚಬಹುದು. ಸರಳ ರೀತಿಯ ಟಿಂಪನೋಪ್ಲಾಸ್ಟಿ ಆಗಿ 12 ವಾರ ಕಳೆದು, ಕೇಳುವಿಕೆ ಚೆನ್ನಾಗಿದ್ದರೆ ಮುಂದೆ ಹೋಗಬಹುದು. ಅದಕ್ಕೆಂದೇ ಇದನ್ನು ವರ್ಷ ಮೊದಲು ತೋರಿಸಬೇಕು, ರ‍್ಯಾಲಿಯ ಪತ್ರ ಕೈಗೆ ಬಂದ ಮೇಲೆ ತೋರಿಸಿ ಪ್ರಯೋಜನವಿಲ್ಲ.

ಕಿವಿಯ ಗುಗ್ಗೆ ತೆಗೆಸಿಕೊಂಡು ಬನ್ನಿ ಎಂದು ಸೇನೆಯೇ ಅಭ್ಯರ್ಥಿಗಳಿಗೆ ಹೇಳುತ್ತದೆ. ಕಡ್ಡಿ, ಪಿನ್ನು ಹಾಕಬೇಡಿ, ವೈದ್ಯರಿಂದಲೇ ತೆಗೆಸಿ. ಮೂಗಿನ ಒಂದು ಹೊಳ್ಳೆ ಸದಾ ಕಟ್ಟಿರುತ್ತಿದ್ದರೆ ಮೂಗಿನ ನಡುಗೋಡೆ ವಾಲಿದೆಯೇ ಎಂದು ಕೇಳಿ.

ಹಂತ 5: ಬಾಯಿ, ಹಲ್ಲು

ಹಲ್ಲಿಗೆ ಅಂಕ ಕೊಡುತ್ತಾರೆಂಬುದು ಹಲವರಿಗೆ ಗೊತ್ತಿಲ್ಲ. ಪೂರ್ತಿ ಹಲ್ಲಿದ್ದವರಿಗೆ 22 ಅಂಕ, ಕನಿಷ್ಠ 14 ಬೇಕು. ಮುಂದಿನ ಹಲ್ಲು, ಕೋರೆಹಲ್ಲು, ಅದರ ಪಕ್ಕದ ಸಣ್ಣ ದವಡೆಹಲ್ಲುಗಳಿಗೆ ಒಂದೊಂದು ಅಂಕ, ಹಿಂದಿನ ದೊಡ್ಡ ದವಡೆಹಲ್ಲುಗಳಿಗೆ ಎರಡೆರಡು. ಮೇಲಿನ ಹಲ್ಲಿಗೆ ಕೆಳಗಿನ ಜೋಡಿ ಇದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಕೃತಕ ಹಲ್ಲು ಎಣಿಕೆಗಿಲ್ಲ. ಆದ್ದರಿಂದ ಹುಳುಕಾದ ದವಡೆಹಲ್ಲನ್ನು ಕೀಳಿಸುವ ಮೊದಲು ಉಳಿಸಲು ಸಾಧ್ಯವೇ ಎಂದು ದಂತವೈದ್ಯರನ್ನು ಕೇಳಿ.

ಗುಟ್ಕಾ, ಮಾವಾ ಹಾಕುವವರಿಗೆ ಒಂದು ಮಾತು. ಈ ಚಟದಿಂದ ಕೆನ್ನೆಯ ಒಳಭಾಗ ಗಡುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಹೋಗುತ್ತದೆ. ಬಾಯಿ ತೆರೆದಾಗ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ 30 ಮಿ.ಮೀ. ಇಲ್ಲದಿದ್ದರೆ ಅನ್‌ಫಿಟ್. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ ಇವತ್ತೇ ಚಟ ಬಿಟ್ಟು ವೈದ್ಯರ ಬಳಿ ಹೋಗಿ. ಭರ್ತಿಯ ಮಾತು ಹಾಗಿರಲಿ, ಇದು ಬಾಯಿಯ ಕ್ಯಾನ್ಸರಿನ ಮುನ್ಸೂಚನೆ.

ಹಂತ 6: ಚರ್ಮ ಮತ್ತು ಹಚ್ಚೆ

ಓಡಿ ಬೆವೆತ ಬಟ್ಟೆಯಲ್ಲೇ ಇರುವ ಹುಡುಗರಿಗೆ ತೊಡೆಸಂದಿಯಲ್ಲಿ ಗಜಕರ್ಣ ಬರುವುದು ಸಾಮಾನ್ಯ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಎರಡು ದಿನ ಅಡಗಿ ಮತ್ತೆ ಹರಡುತ್ತದೆ. ಚರ್ಮವೈದ್ಯರು ಹೇಳಿದಷ್ಟು ವಾರ ಪೂರ್ತಿ ಔಷಧ ಮಾಡಿದರೆ ಗುಣವಾಗುತ್ತದೆ. ರೂಮಿನಲ್ಲಿ ಟವೆಲ್, ಚಡ್ಡಿ ಹಂಚಿಕೊಳ್ಳಬೇಡಿ. ಅಂಗೈ ಸದಾ ತೊಯ್ದು ತೊಟ್ಟಿಕ್ಕುವಷ್ಟು ಬೆವರುವುದೂ ತಿರಸ್ಕಾರಕ್ಕೆ ಕಾರಣವಾಗುತ್ತದೆ, ಅದನ್ನೂ ತೋರಿಸಿ.

ಶಾಶ್ವತ ಹಚ್ಚೆಗೆ ಅನುಮತಿಯಿರುವುದು ಮೊಣಕೈಯ ಒಳಬದಿಯಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈಯ ಹಿಂಬದಿಗೆ ಮಾತ್ರ. ಸಂಪ್ರದಾಯವಾಗಿ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳಿಗಷ್ಟೇ ವಿನಾಯಿತಿ. ಜಾತ್ರೆಯಲ್ಲಿ ತೋಳಿನ ಮೇಲೆ, ಎದೆಯ ಮೇಲೆ ಹೆಸರು ಬರೆಸುವ ಮುನ್ನ ಇದು ನೆನಪಿರಲಿ.

ಹಂತ 7: ಹೇಳಲು ಸಂಕೋಚಪಡುವ ತೊಂದರೆಗಳು

ಹರ್ನಿಯಾ, ಬೀಜದಲ್ಲಿ ನೀರು ತುಂಬುವ ಹೈಡ್ರೋಸೀಲ್, ರಕ್ತನಾಳ ಉಬ್ಬುವ ವೆರಿಕೋಸೀಲ್, ಬೀಜ ಕೆಳಗಿಳಿಯದಿರುವುದು, ಮೂಲವ್ಯಾಧಿ, ಕಾಲಿನಲ್ಲಿ ಉಬ್ಬಿದ ನರ. ಮೆಡಿಕಲ್‌ನಲ್ಲಿ ಬಟ್ಟೆ ಕಳಚಿ, ಕೆಮ್ಮಿಸಿ, ಬಾಗಿಸಿ ನೋಡುವುದು ಇವಕ್ಕಾಗಿಯೇ. ನಾಚಿಕೆಯಿಂದ ತಂದೆತಾಯಿಗೂ ಹೇಳದೆ ಮುಚ್ಚಿಟ್ಟುಕೊಂಡು ಅಲ್ಲಿ ಹೋಗಿ ಸಿಕ್ಕಿಬೀಳುವವರು ಎಷ್ಟೋ ಮಂದಿ. ಇವುಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಗೆ ಬಗ್ಗುವಂಥವು. ಹರ್ನಿಯಾ ಆಪರೇಷನ್ ಆದ ಮೇಲೆ ಆರು ತಿಂಗಳು ಕಾಯಬೇಕು. ಸರ್ಜನ್‌ಗೆ ನಿಮ್ಮ ಗುರಿ ತಿಳಿಸಿ, ರ‍್ಯಾಲಿಯ ಲೆಕ್ಕ ಹಾಕಿ ದಿನ ಗೊತ್ತುಮಾಡಿಕೊಳ್ಳಿ. ಡಿಸ್ಚಾರ್ಜ್ ಕಾಗದ ಜೋಪಾನವಾಗಿಡಿ.

ಹಂತ 8: ರಕ್ತ, ಹೃದಯ, ಹಳೆಯ ಕಾಯಿಲೆ

ರಕ್ತದೊತ್ತಡ 140/90 ಮುಟ್ಟಬಾರದು. ಭಯಕ್ಕೇ ಏರುವವರು ವಾರಗಟ್ಟಲೆ ಬೇರೆ ಬೇರೆ ದಿನ ಅಳೆಸಿ, ಆ ಪರೀಕ್ಷೆಗೆ ಅಭ್ಯಾಸ ಮಾಡಿಕೊಳ್ಳಬೇಕು. ಹಿಮೋಗ್ಲೋಬಿನ್ ಪುರುಷರಿಗೆ 13, ಮಹಿಳೆಯರಿಗೆ 11.5 ಗ್ರಾಂ ಇದ್ದರೆ ಒಳ್ಳೆಯದು. ರೊಟ್ಟಿ, ಮಡಕಿಕಾಳು, ಸೊಪ್ಪು, ಶೇಂಗಾ ನಮ್ಮ ಊಟದಲ್ಲೇ ಇವೆ. ಸಾಲದಿದ್ದರೆ ವೈದ್ಯರು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮೂತ್ರ, ಸಕ್ಕರೆ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ.

ಎಲುಬು ಮುರಿದು ಒಳಗೆ ರಾಡು, ಪ್ಲೇಟು ಉಳಿದವರು, ಆಸ್ತಮಾ ಇದ್ದವರು, ಮೂರ್ಛೆರೋಗ ಅಥವಾ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಂಡವರು ಮೊದಲೇ ತಜ್ಞರೊಡನೆ ಮಾತಾಡಬೇಕು. ಮೂರ್ಛೆರೋಗವನ್ನು ಮುಚ್ಚಿಟ್ಟು ಸೇರಿದರೆ ಒಂದು ದಿನ ಕೈಯಲ್ಲಿ ಬಂದೂಕು ಇರುವಾಗ ಫಿಟ್ಸ್ ಬಂದೀತು. ನಿಜ ಹೇಳುವುದು ನಿಮ್ಮ ಜೀವಕ್ಕೂ ಜೊತೆಗಾರರ ಜೀವಕ್ಕೂ ಒಳ್ಳೆಯದು.

ಹಂತ 9: ಮೂರು ಪಟ್ಟಿ ಬರೆಯಿರಿ

ಇಷ್ಟೆಲ್ಲ ಆದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ವಿಂಗಡಿಸಿ.

1. ವಾರಗಳಲ್ಲಿ ಸರಿಹೋಗುವವು: ಗುಗ್ಗೆ, ಗಜಕರ್ಣ, ಹಲ್ಲಿನ ಹುಳುಕು.

2. ತಿಂಗಳುಗಳು ಬೇಕಾದವು: ತೂಕ, ಎದೆ ಹಿಗ್ಗುವಿಕೆ, ರಕ್ತಹೀನತೆ, ಹರ್ನಿಯಾ, ಕಿವಿತಮಟೆ, ಆರನೇ ಬೆರಳು.

3. ಬದಲಾಗದವು: ಬಣ್ಣಗುರುಡು, ಎಲುಬಿನ ಹೆಚ್ಚಿನ ಬಾಗು, ಬಿಗಿಯಾದ ಚಪ್ಪಟೆ ಪಾದ, ಬೆರಳಿಲ್ಲದಿರುವುದು.

ಎರಡನೇ ಪಟ್ಟಿಯ ಮುಂದೆ ದಿನಾಂಕ ಬರೆಯಿರಿ. ಮೂರನೇ ಪಟ್ಟಿಯಲ್ಲಿ ಏನಾದರೂ ಇದ್ದರೆ ತಜ್ಞರಿಂದ ಖಚಿತಪಡಿಸಿಕೊಂಡು ಮನೆಯವರೊಡನೆ ಕೂತು ಮಾತಾಡಿ. ಮೂರು ವರ್ಷ ಓಡಿ ಆಮೇಲೆ ತಿಳಿಯುವುದಕ್ಕಿಂತ ಈಗ ತಿಳಿಯುವುದು ಲೇಸು.

ಹಂತ 10: ಓಟದ ತಯಾರಿ, ಔಷಧವಿಲ್ಲದೆ

ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ಸುಮಾರು 82 ಸೆಕೆಂಡು. ಬೀಮ್ ಹತ್ತು ಎಳೆದರೆ 40 ಅಂಕ. 9 ಅಡಿ ಹಳ್ಳ ಜಿಗಿಯುವುದು, ಅಂಕುಡೊಂಕು ಹಲಗೆಯ ಮೇಲೆ ನಡೆಯುವುದು ಪಾಸಾದರೆ ಸಾಕು. ಡಾಂಬರು ರಸ್ತೆಗಿಂತ ಮಣ್ಣಿನ ಮೈದಾನದಲ್ಲಿ ಓಡಿ, ಮುಂಗಾಲೆಲುಬಿನ ನೋವು ಕಡಿಮೆಯಾಗುತ್ತದೆ.

ದಮ್ಮು ಹೆಚ್ಚಿಸುವ ಇಂಜೆಕ್ಷನ್, ಮಾತ್ರೆ ಮುಟ್ಟಬೇಡಿ. ಸಿಕ್ಕಿಬಿದ್ದರೆ ಅನರ್ಹತೆ, ಸಿಕ್ಕದಿದ್ದರೆ ಹೃದಯಕ್ಕೆ ಅಪಾಯ. ಹಿಂದಿನ ರಾತ್ರಿ ನಿದ್ದೆ ಮಾಡಿ, ಸ್ನಾನ ಮಾಡಿ, ಗಡ್ಡ ತೆಗೆದು ಹೋಗಿ. "ಮೆಡಿಕಲ್ ಪಾಸ್ ಮಾಡಿಸ್ತೀನಿ" ಎಂದು ಹಣ ಕೇಳುವ ದಲ್ಲಾಳಿಯಿಂದ ದೂರವಿರಿ. ಪರೀಕ್ಷೆಯ ಶುಲ್ಕ ಬಿಟ್ಟರೆ ಭರ್ತಿಗೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಹಂತ 11: ಅನ್‌ಫಿಟ್ ಎಂದರೆ

ಮೊದಲು ಕಾರಣ ಕೇಳಿ, ಕಾಗದದಲ್ಲಿ ಬರೆದದ್ದನ್ನು ಸರಿಯಾಗಿ ಓದಿ. ರ‍್ಯಾಲಿಯ ವೈದ್ಯರು ತೆಗೆದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ನಿಗದಿಯಾದ ಸೇನಾ ಆಸ್ಪತ್ರೆಯಲ್ಲಿ ತಜ್ಞರಿಂದ ಮರುಪರೀಕ್ಷೆ, ಅಂದರೆ ರಿವ್ಯೂ, ಇರುತ್ತದೆ. ಯಾವ ಆಸ್ಪತ್ರೆ, ಎಷ್ಟು ದಿನದೊಳಗೆ ಹಾಜರಾಗಬೇಕು ಎಂಬುದು ಅದೇ ಕಾಗದದಲ್ಲಿರುತ್ತದೆ. ಅವಧಿ ಕೆಲವೇ ದಿನ, ಊರಿಗೆ ಬಂದು ಕೂತರೆ ಕೈತಪ್ಪುತ್ತದೆ. ಖಾಸಗಿ ಆಸ್ಪತ್ರೆಯ ಫಿಟ್‌ನೆಸ್ ಚೀಟಿಯೊಂದರಿಂದಲೇ ತೀರ್ಮಾನ ಬದಲಾಗದು, ಆದರೆ ಹಳೆಯ ವರದಿಗಳು ತಜ್ಞರಿಗೆ ನೆರವಾಗುತ್ತವೆ. ಎನ್‌ಡಿಎಯಂಥ ಅಧಿಕಾರಿ ಭರ್ತಿಯಲ್ಲಿ ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಲು 42 ದಿನಗಳ ಅವಕಾಶವಿದೆ.

ರಿವ್ಯೂನಲ್ಲೂ ಆಗದಿದ್ದರೆ ನಿಮ್ಮ ಯೋಗ್ಯತೆಗೆ ಕುಂದು ಬಂತೆಂದು ತಿಳಿಯಬೇಡಿ. ಸೇನೆ ಹೇಳಿದ್ದು ಇಷ್ಟೇ, ಈ ದೇಹ ಈ ಕೆಲಸಕ್ಕೆ ಹೊಂದುವುದಿಲ್ಲವೆಂದು. ಓದಿನ ಶಿಸ್ತು, ಬೆಳಗಿನ ಶಿಸ್ತು ನಿಮ್ಮಲ್ಲೇ ಇವೆ. ಧಾರವಾಡದಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವ ವಾತಾವರಣ ಇದ್ದೇ ಇದೆ, ಬೇರೆ ಹುದ್ದೆಗಳು ಕಾದಿವೆ. ಮನಸ್ಸು ಕುಗ್ಗಿದರೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ತಂದೆತಾಯಿಗಳೂ ಆ ದಿನ ಮಗನನ್ನು, ಮಗಳನ್ನು ಬೈಯದೆ ಹತ್ತಿರ ಕೂರಿಸಿಕೊಳ್ಳಬೇಕು.

ಕೊನೆಗೆ ಕೋಚಿಂಗ್ ನಡೆಸುವವರಿಗೂ ಪಿಯು ಕಾಲೇಜಿನ ಶಿಕ್ಷಕರಿಗೂ ಒಂದು ವಿನಂತಿ. ಸೇನೆಗೆ ಹೋಗಬಯಸುವ ವಿದ್ಯಾರ್ಥಿ ಮೊದಲ ದಿನ ಬಂದಾಗಲೇ ಅವನ ಕಣ್ಣು, ಮೊಣಕಾಲು, ಪಾದ, ಹಲ್ಲು ನೋಡಿಸಿ. ಅಭ್ಯರ್ಥಿಗಳು ಮುಂದಿನ ಅಧಿಸೂಚನೆಗೆ ಕಾಯದೆ ಈ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಮಾಡಿಸಿ, ಕಣ್ಣಿನ ಪರೀಕ್ಷೆಯಿಂದ ಶುರು ಮಾಡಿ.